ಹಾಳೆಯ ಎರಡು ಬದಿ: ವ್ಯಾಪಾರದ ಮಾತು ಮತ್ತು ವಾಕ್ ಸ್ವಾತಂತ್ರ್ಯ

ಸಭೆಗೆ ನಮಸ್ಕಾರ. ಸಂವಿಧಾನದ ವಿಧಿಗಳನ್ನು ಓದುವುದರಿಂದ ಆರಂಭಿಸುವುದು ಇಂಥ ಉಪನ್ಯಾಸಗಳ ರೂಢಿಯಾದರೂ ನಾನು ಒಂದು ಜಲಾಂತರ್ಗಾಮಿಯಿಂದ ಆರಂಭಿಸುತ್ತೇನೆ. ಅಮೆರಿಕದ ನೌಕಾಪಡೆ ಬಳಸಿ ಬಿಟ್ಟಿದ್ದ ಜಲಾಂತರ್ಗಾಮಿಯೊಂದರ ಒಡೆಯನಾಗಿದ್ದ ಕ್ರೆಸ್ಟೆನ್ಸನ್ ಎಂಬಾತ 1940ರಲ್ಲಿ ಅದನ್ನು ನ್ಯೂಯಾರ್ಕಿಗೆ ತಂದು, ಈಸ್ಟ್ ನದಿಯ ದಕ್ಕೆಯೊಂದರಲ್ಲಿ ನಿಲ್ಲಿಸಿ, ಟಿಕೆಟ್ ಇಟ್ಟು ಜನರಿಗೆ ತೋರಿಸಲು ಹೊರಟ. ಅದಕ್ಕಾಗಿ ಕರಪತ್ರ ಅಚ್ಚುಹಾಕಿಸಿದಾಗ ಪೊಲೀಸರು ತಡೆದರು. ಬೀದಿಯಲ್ಲಿ ವ್ಯಾಪಾರದ ಜಾಹೀರಾತು ಹಂಚುವುದನ್ನು ನಗರದ ನೈರ್ಮಲ್ಯ ಸಂಹಿತೆ ನಿಷೇಧಿಸುತ್ತದೆ, ಪ್ರತಿಭಟನೆಯ ಕರಪತ್ರವಾದರೆ ಅಡ್ಡಿಯಿಲ್ಲ ಎಂದು ತಿಳಿಸಿದರು. ಆತ ಹೊಸ ಕರಪತ್ರ ಮಾಡಿಸಿದ. ಒಂದು ಬದಿಯಲ್ಲಿ ಟಿಕೆಟ್ ದರವನ್ನು ತೆಗೆದುಹಾಕಿದ ಅದೇ ಜಾಹೀರಾತು. ಇನ್ನೊಂದು ಬದಿಯಲ್ಲಿ, ನಗರಾಡಳಿತದ ದಕ್ಕೆಯಲ್ಲಿ ತನಗೆ ಜಾಗ ಕೊಡದ ಇಲಾಖೆಯ ವಿರುದ್ಧ ಪ್ರತಿಭಟನೆ. ಪ್ರತಿಭಟನೆಯ ಬದಿಯನ್ನು ಮಾತ್ರ ಹಂಚಬಹುದು, ಎರಡೂ ಬದಿಯಿರುವ ಹಾಳೆಯನ್ನು ಹಂಚುವಂತಿಲ್ಲ ಎಂಬ ಉತ್ತರ ಬಂತು.

ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1942ರಲ್ಲಿ ಆ ನ್ಯಾಯಾಲಯ ಕೆಲವೇ ಪುಟಗಳ ಒಮ್ಮತದ ತೀರ್ಪಿನಲ್ಲಿ, ಕೇವಲ ವಾಣಿಜ್ಯದ ಜಾಹೀರಾತಿನ ವಿಷಯದಲ್ಲಿ ಸಂವಿಧಾನವು ಸರ್ಕಾರದ ಕೈಯನ್ನು ಕಟ್ಟುವುದಿಲ್ಲ ಎಂದು ಹೇಳಿ ಮುಗಿಸಿತು. ಏಕೆ ಕಟ್ಟುವುದಿಲ್ಲ ಎಂಬುದಕ್ಕೆ ಕಾರಣವನ್ನು ಹುಡುಕಿದರೂ ಸಿಗುವುದಿಲ್ಲ. ಅಂದು ಪೀಠದಲ್ಲಿದ್ದ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಅವರೇ 1959ರಲ್ಲಿ, ಆ ತೀರ್ಪು ಹೆಚ್ಚು ಯೋಚಿಸದೆ ಹಾಗೆ ಸುಮ್ಮನೆ ಕೊಟ್ಟದ್ದು ಎಂಬ ಅರ್ಥದ ಮಾತನ್ನು ಬರೆದರು.

ಅದೇ 1959ರ ಡಿಸೆಂಬರಿನಲ್ಲಿ ಆ ತೀರ್ಪು ಸಮುದ್ರ ದಾಟಿ ನಮ್ಮಲ್ಲಿಗೆ ಬಂತು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯನ್ನು ಹಮ್‌ದರ್ದ್ ದವಾಖಾನಾ ಪ್ರಶ್ನಿಸಿತ್ತು. ಕೆಲವು ಕಾಯಿಲೆಗಳನ್ನು ಹೆಸರಿಸಿ, ಅವನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು ನಿಷೇಧಿಸುವ ಕಾಯ್ದೆ ಅದು. ಜಾಹೀರಾತು ಒಂದು ಬಗೆಯ ಮಾತೇ ಹೌದಾದರೂ ಅದರ ಉದ್ದೇಶ ವ್ಯಾಪಾರವಾದಾಗ ಅದು ವಾಕ್ ಸ್ವಾತಂತ್ರ್ಯದ ಪರಿಕಲ್ಪನೆಯೊಳಗೆ ಬರುವುದಿಲ್ಲ ಎಂದು ನಮ್ಮ ಸುಪ್ರೀಂ ಕೋರ್ಟ್ ಹೇಳಿತು, ಹಾಗೆ ಹೇಳುವಾಗ ಜಲಾಂತರ್ಗಾಮಿಯ ತೀರ್ಪನ್ನು ಉಲ್ಲೇಖಿಸಿತು. ಅಲ್ಲಿ ಬರೆದವರ ಪೈಕಿ ಒಬ್ಬರಿಗೆ ಸಂಶಯ ಮೂಡಿದ ವರ್ಷವೇ ಇಲ್ಲಿ ಅದು ಆಧಾರವಾಯಿತು. ಕಾಯ್ದೆಯ ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ. ಕ್ಯಾನ್ಸರ್ ವಾಸಿಮಾಡುವ ಚೂರ್ಣವನ್ನು ಮಾರುವವನನ್ನು ತಡೆಯಲು ಇಷ್ಟು ದೊಡ್ಡ ತತ್ತ್ವ ಬೇಕಿತ್ತೆ ಎಂಬುದಷ್ಟೇ ನನ್ನ ಪ್ರಶ್ನೆ. ಸುಳ್ಳು ಹೇಳುವ ಹಕ್ಕು ಯಾರಿಗೂ ಇಲ್ಲ ಎಂದಿದ್ದರೆ ಸಾಕಾಗುತ್ತಿತ್ತು. ವ್ಯಾಪಾರಿ ನಿಜ ಹೇಳಿದರೂ ಅದು ಸ್ವಾತಂತ್ರ್ಯದ ಮಾತಲ್ಲ ಎಂದು ಧ್ವನಿಸುವಂತೆ ಹೇಳಬೇಕಿರಲಿಲ್ಲ.

ಮಾತು ಯಾವ ವಿಧಿಯ ಕೆಳಗೆ ಬರುತ್ತದೆ ಎಂಬ ಪ್ರಶ್ನೆ ನಮ್ಮ ದೇಶದಲ್ಲಿ ಬರಿಯ ವಕೀಲರ ಚರ್ಚೆಯಲ್ಲ. 19(1)(ಎ) ವಿಧಿ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ಕೊಡುತ್ತದೆ. 19(1)(ಜಿ) ಯಾವುದೇ ವೃತ್ತಿ, ಉದ್ಯೋಗ, ವ್ಯಾಪಾರವನ್ನು ನಡೆಸುವ ಸ್ವಾತಂತ್ರ್ಯವನ್ನು ಕೊಡುತ್ತದೆ. ವ್ಯಾಪಾರದ ಮೇಲೆ 'ಸಾರ್ವಜನಿಕ ಹಿತಾಸಕ್ತಿ'ಯ ಹೆಸರಿನಲ್ಲಿ ಸಮಂಜಸ ನಿರ್ಬಂಧ ಹೇರಲು 19(6) ಅವಕಾಶ ಕೊಡುತ್ತದೆ, ಮತ್ತು ಆ ಎರಡು ಪದಗಳೊಳಗೆ ಬಹುಮಟ್ಟಿಗೆ ಎಲ್ಲವೂ ಹಿಡಿಸುತ್ತದೆ. ಮಾತಿನ ಮೇಲಿನ ನಿರ್ಬಂಧಗಳನ್ನು ಹೇಳುವ 19(2)ರಲ್ಲಿ ಆ ಪದಗಳೇ ಇಲ್ಲ. ಅಲ್ಲಿರುವುದು ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಾಜ್ಯದ ಭದ್ರತೆ, ವಿದೇಶಗಳೊಡನೆ ಸ್ನೇಹ ಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಲಯ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ, ಇಷ್ಟೇ. ಆದ್ದರಿಂದ ಒಂದು ಜಾಹೀರಾತನ್ನು (ಜಿ) ಬಾಗಿಲಿನಿಂದ ಒಳಗೆ ಬಿಟ್ಟರೆ ಸರ್ಕಾರ ಸುಲಭವಾಗಿ ಕತ್ತರಿ ಆಡಿಸಬಹುದು, (ಎ) ಬಾಗಿಲಿನಿಂದ ಬಿಟ್ಟರೆ ಆ ಪಟ್ಟಿಯಲ್ಲಿ ಒಂದು ಕಾರಣವನ್ನು ಬೆರಳಿಟ್ಟು ತೋರಿಸಬೇಕು.

ಈ ಎರಡು ಬಾಗಿಲುಗಳ ಜಗಳವನ್ನು ಮೊದಲು ಬಯಲಿಗೆ ತಂದವು ಪತ್ರಿಕೆಗಳು. ಪತ್ರಿಕೆ ಮಾತೂ ಹೌದು, ಮಾರಾಟದ ಸರಕೂ ಹೌದು. 1956ರ ಪತ್ರಿಕಾ ಬೆಲೆ ಮತ್ತು ಪುಟ ಕಾಯ್ದೆ ಮತ್ತು 1960ರ ಆದೇಶದ ಪ್ರಕಾರ ಪತ್ರಿಕೆ ಎಷ್ಟು ಪುಟ ಕೊಟ್ಟರೆ ಎಷ್ಟು ಬೆಲೆ ಇಡಬೇಕೆಂಬುದನ್ನು ಸರ್ಕಾರ ನಿಗದಿಪಡಿಸಬಹುದಿತ್ತು, ಜಾಹೀರಾತಿನ ಜಾಗಕ್ಕೂ ಮಿತಿ ಹಾಕಬಹುದಿತ್ತು. ಸಣ್ಣ ಪತ್ರಿಕೆಗಳನ್ನು ದೊಡ್ಡವುಗಳಿಂದ ಕಾಪಾಡುವುದು ಇದರ ಉದ್ದೇಶ ಎಂಬ ವಾದವಿತ್ತು. ಮರಾಠಿಯ ಸಕಾಳ್ ಪತ್ರಿಕೆ ಇದನ್ನು ಪ್ರಶ್ನಿಸಿದಾಗ ಸುಪ್ರೀಂ ಕೋರ್ಟ್ ನಡೆದ ತರ್ಕ ಸರಳವಾಗಿತ್ತು: ಬೆಲೆ ಏರಿಸಿದರೆ ಓದುಗರು ಕಡಿಮೆಯಾಗುತ್ತಾರೆ, ಪುಟ ಇಳಿಸಿದರೆ ಸುದ್ದಿ ಕಡಿಮೆಯಾಗುತ್ತದೆ, ಜಾಹೀರಾತನ್ನು ಕಿತ್ತುಕೊಂಡರೆ ಬೆಲೆ ಏರಿಸದೆ ಗತಿಯಿಲ್ಲ. ವ್ಯಾಪಾರವನ್ನು ನಿಯಂತ್ರಿಸುತ್ತಿದ್ದೇವೆ ಎಂಬ ನೆಪದಲ್ಲಿ ಮಾತನ್ನು ಮೊಟಕುಗೊಳಿಸುವಂತಿಲ್ಲ ಎಂದು 1961ರಲ್ಲಿ ಕಾಯ್ದೆಯನ್ನು ರದ್ದುಮಾಡಿತು. 1972ರ ಬೆನೆಟ್ ಕೋಲ್ಮನ್ ಪ್ರಕರಣದಲ್ಲಿ ಸುದ್ದಿಕಾಗದದ ಹಂಚಿಕೆಯ ನೆಪದಲ್ಲಿ ಹತ್ತು ಪುಟಗಳ ಮಿತಿ ಹೇರಿದ್ದಕ್ಕೂ ಅದೇ ಗತಿಯಾಯಿತು. ಕಂಪನಿಯು ಭಾರತದ ನಾಗರಿಕನಲ್ಲ, 19ನೇ ವಿಧಿ ನಾಗರಿಕರಿಗೆ ಮಾತ್ರ ಅನ್ವಯ ಎಂಬ ತಾಂತ್ರಿಕ ತೊಡಕು ಆಗ ಎದ್ದಿತ್ತು. ಕಂಪನಿಯ ಹಿಂದೆ ಇರುವ ಷೇರುದಾರರೂ ಸಂಪಾದಕರೂ ನಾಗರಿಕರೇ ತಾನೆ ಎಂದು ನ್ಯಾಯಾಲಯ ಅದನ್ನು ದಾಟಿಕೊಂಡಿತು.

ಹಮ್‌ದರ್ದ್ ತೀರ್ಪಿನ ಬಿಗಿಯನ್ನು ಮೊದಲು ಸಡಿಲಿಸಿದವರು ಕನ್ನಡಿಗರಾದ ನ್ಯಾಯಮೂರ್ತಿ ಇ. ಎಸ್. ವೆಂಕಟರಾಮಯ್ಯನವರು ಎಂಬುದನ್ನು ಇಲ್ಲಿ ನೆನೆಯಬೇಕು. ಸುದ್ದಿಕಾಗದದ ಆಮದು ಸುಂಕವನ್ನು ಕುರಿತ ಇಂಡಿಯನ್ ಎಕ್ಸ್‌ಪ್ರೆಸ್ ಪ್ರಕರಣದಲ್ಲಿ, 1984ರ ಡಿಸೆಂಬರಿನಲ್ಲಿ, ವ್ಯಾಪಾರಸ್ಥರು ಕೊಟ್ಟವು ಎಂಬ ಒಂದೇ ಕಾರಣಕ್ಕೆ ಎಲ್ಲ ವಾಣಿಜ್ಯ ಜಾಹೀರಾತುಗಳಿಗೂ 19(1)(ಎ) ರಕ್ಷಣೆಯನ್ನು ನಿರಾಕರಿಸಲಾಗದು ಎಂದು ಅವರು ಬರೆದರು. ಸುಂಕದ ತೀರ್ಪಿನ ನಡುವೆ ಬಂದ ಈ ಮಾತು ಮುಂದೆ ಹನ್ನೊಂದು ವರ್ಷಕ್ಕೆ ಫಲ ಕೊಟ್ಟಿತು.

ಅಷ್ಟರಲ್ಲಿ ಅಮೆರಿಕದಲ್ಲಿ ಜಲಾಂತರ್ಗಾಮಿಯ ತೀರ್ಪು ಮುಳುಗಿತ್ತು. ಅದನ್ನು ಮುಳುಗಿಸಿದವರು ವ್ಯಾಪಾರಿಗಳಲ್ಲ, ಗಿರಾಕಿಗಳು. ನನ್ನ ಇಂದಿನ ಮಾತಿನ ತಿರುಳೂ ಇದೇ ಆಗಿರುವುದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ವರ್ಜೀನಿಯಾ ರಾಜ್ಯದಲ್ಲಿ ವೈದ್ಯರ ಚೀಟಿಯ ಮೇಲೆ ಕೊಡುವ ಔಷಧಗಳ ಬೆಲೆಯನ್ನು ಔಷಧ ವ್ಯಾಪಾರಿ ಜಾಹೀರುಮಾಡುವುದು ವೃತ್ತಿಗೆ ತಕ್ಕುದಲ್ಲದ ನಡತೆ ಎನಿಸಿತ್ತು. ಫಲವೇನೆಂದರೆ ರಿಚ್ಮಂಡ್ ನಗರದಲ್ಲಿ ಅಕ್ರೋಮೈಸಿನ್ ಎಂಬ ಪ್ರತಿಜೀವಕದ ನಲವತ್ತು ಮಾತ್ರೆಗಳಿಗೆ ಒಂದು ಅಂಗಡಿಯಲ್ಲಿ 2.59 ಡಾಲರ್, ಇನ್ನೊಂದರಲ್ಲಿ 6 ಡಾಲರ್ ಇತ್ತು; ನ್ಯೂಪೋರ್ಟ್ ನ್ಯೂಸ್ ಸುತ್ತಮುತ್ತ ಟೆಟ್ರಾಸೈಕ್ಲಿನ್ ಬೆಲೆ 1.20 ಡಾಲರಿನಿಂದ 9 ಡಾಲರಿನವರೆಗೂ ಇತ್ತು. ಕಾಯಿಲೆಯ ಮನುಷ್ಯ ಎಲ್ಲಿ ಅಗ್ಗ ಎಂದು ತಿಳಿಯಲು ಅಂಗಡಿಯಿಂದ ಅಂಗಡಿಗೆ ಅಲೆಯಬೇಕು. ಗ್ರಾಹಕರ ಸಂಘಟನೆಗಳು ಹೂಡಿದ ಈ ದಾವೆಯಲ್ಲಿ 1976ರಲ್ಲಿ ನ್ಯಾಯಮೂರ್ತಿ ಬ್ಲ್ಯಾಕ್‌ಮನ್ ಅವರು ಬರೆದ ತೀರ್ಪು, ಹೇಳುವವನಿಗೆ ಹೇಳುವ ಹಕ್ಕಿದ್ದರೆ ಕೇಳುವವನಿಗೆ ಕೇಳುವ ಹಕ್ಕೂ ಇದೆ ಎಂದಿತು. ಸಾಮಾನ್ಯ ಗ್ರಾಹಕನಿಗೆ ಅಂದಿನ ಅತಿ ತುರ್ತಿನ ರಾಜಕೀಯ ಚರ್ಚೆಗಿಂತಲೂ ಔಷಧದ ಬೆಲೆಯಲ್ಲಿ ಹೆಚ್ಚಿನ ಆಸಕ್ತಿ ಇರಬಹುದು ಎಂದಿತು. ನಾಲ್ಕು ವರ್ಷಗಳ ನಂತರ ಸೆಂಟ್ರಲ್ ಹಡ್ಸನ್ ಪ್ರಕರಣ ಇದಕ್ಕೊಂದು ಅಳತೆಗೋಲು ಕೊಟ್ಟಿತು: ಜಾಹೀರಾತು ಕಾನೂನುಬದ್ಧ ವ್ಯವಹಾರದ ಬಗ್ಗೆ ಇದ್ದು ದಾರಿ ತಪ್ಪಿಸದಿದ್ದರೆ, ಸರ್ಕಾರಕ್ಕೆ ಗಟ್ಟಿ ಕಾರಣವಿರಬೇಕು, ನಿರ್ಬಂಧದಿಂದ ಆ ಉದ್ದೇಶ ನೇರವಾಗಿ ಈಡೇರಬೇಕು, ಅಗತ್ಯ ಮೀರಿ ನಿರ್ಬಂಧಿಸಬಾರದು.

ನಮ್ಮಲ್ಲಿ ಆ ಕೆಲಸವನ್ನು ಮಾಡಿದ್ದು ಹಳದಿ ಬಣ್ಣದ ಒಂದು ದಪ್ಪ ಪುಸ್ತಕ. ಮೊಬೈಲ್ ಫೋನಿನೊಡನೆ ಬೆಳೆದವರಿಗೆ ಯೆಲ್ಲೋ ಪೇಜಸ್ ಎಂದರೇನೆಂದು ವಿವರಿಸಬೇಕಾದೀತು: ಕೊಳಾಯಿ ರಿಪೇರಿಯವರು, ಬಾಡಿಗೆ ಕುರ್ಚಿಯವರು, ದಂತವೈದ್ಯರು, ಹೀಗೆ ಕಸುಬಿನ ಪ್ರಕಾರ ವಿಂಗಡಿಸಿ, ಹಣ ಪಡೆದು ಅಚ್ಚುಹಾಕಿದ ಜಾಹೀರಾತುಗಳ ಪುಸ್ತಕ ಅದು. ಟಾಟಾ ಪ್ರೆಸ್ ಇಂಥದ್ದನ್ನು ಹೊರತಂದಾಗ, ದೂರವಾಣಿ ಚಂದಾದಾರರ ಪಟ್ಟಿಯನ್ನು ಪ್ರಕಟಿಸುವ ಹಕ್ಕು ಟೆಲಿಗ್ರಾಫ್ ನಿಯಮಗಳ ಪ್ರಕಾರ ತನ್ನದು ಮಾತ್ರ ಎಂದು ಮಹಾನಗರ ಟೆಲಿಫೋನ್ ನಿಗಮ ನ್ಯಾಯಾಲಯಕ್ಕೆ ಹೋಯಿತು. ಮುಂಬೈ ಹೈಕೋರ್ಟಿನಲ್ಲಿ ನಿಗಮ ಗೆದ್ದಿತು. 1995ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ಚಂದಾದಾರರ ಪಟ್ಟಿ ನಿಗಮದ್ದೇ, ಆದರೆ ವ್ಯಾಪಾರಿಗಳು ಹಣ ಕೊಟ್ಟು ಹಾಕಿಸಿದ ಜಾಹೀರಾತುಗಳ ಪುಸ್ತಕವನ್ನು ತಡೆಯಲಾಗದು, ಏಕೆಂದರೆ ವಾಣಿಜ್ಯದ ಮಾತು 19(1)(ಎ) ವಿಧಿಯ ಒಳಗೇ ಇದೆ ಎಂದಿತು. ಜೀವ ಉಳಿಸುವ ಔಷಧದ ಬಗೆಗಿನ ಜಾಹೀರಾತು, ಬರಿಯ ಲಾಭದ ದೃಷ್ಟಿಯಿಂದ ಅದನ್ನು ಕೊಟ್ಟವನಿಗಿಂತ ಓದುವ ಸಾರ್ವಜನಿಕರಿಗೇ ಹೆಚ್ಚು ಮುಖ್ಯವಾಗಬಹುದು ಎಂಬ ಅಲ್ಲಿನ ಮಾತನ್ನು ನಾನು ತೀರ್ಪಿನ ಹೃದಯ ಎಂದು ಭಾವಿಸುತ್ತೇನೆ. ಹಕ್ಕು ಹುಟ್ಟಿದ್ದು ಮಾರುವವನ ಬಾಯಿಯಿಂದ ಎನ್ನುವುದಕ್ಕಿಂತ ಕೊಳ್ಳುವವನ ಕಿವಿಯಿಂದ ಎನ್ನುವುದು ಹೆಚ್ಚು ಸರಿ.

ಹಾಗೆ ಒಪ್ಪಿದ ಮೇಲೆ ಮಿತಿಯೂ ಅಲ್ಲಿಂದಲೇ ಹುಟ್ಟಬೇಕು. ಕೇಳುಗನಿಗೆ ತಿಳಿವಳಿಕೆ ಕೊಡುತ್ತದೆ ಎಂಬ ಕಾರಣಕ್ಕೆ ರಕ್ಷಣೆ ಪಡೆದ ಮಾತು ಕೇಳುಗನನ್ನೇ ಮೋಸಗೊಳಿಸಿದರೆ ರಕ್ಷಣೆಗೆ ಬುಡವೇ ಇರುವುದಿಲ್ಲ. ಟಾಟಾ ಪ್ರೆಸ್ ತೀರ್ಪು ಕೂಡ ವಂಚನೆಯ, ದಾರಿ ತಪ್ಪಿಸುವ, ಅಸತ್ಯದ ಜಾಹೀರಾತನ್ನು ಹೊರಗಿಟ್ಟಿದೆ. ರಾಜಕೀಯ ಭಾಷಣದಲ್ಲಿನ ಸುಳ್ಳಿಗೆ ಪ್ರತಿಮಾತೇ ಮದ್ದು ಎನ್ನುತ್ತೇವೆ. ಮಾತ್ರೆಯ ಡಬ್ಬಿಯ ಮೇಲಿನ ಸುಳ್ಳಿಗೆ ಪ್ರತಿಮಾತು ಬರುವಷ್ಟರಲ್ಲಿ ಮಾತ್ರೆ ಹೊಟ್ಟೆ ಸೇರಿರುತ್ತದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ವಿಧಿಸುವ ಅಧಿಕಾರವನ್ನು ಕೇಂದ್ರ ಪ್ರಾಧಿಕಾರಕ್ಕೆ ಕೊಟ್ಟಿರುವುದು, ಪ್ರಚಾರ ಮಾಡಿದ ತಾರೆಯನ್ನೂ ಒಂದು ವರ್ಷ ಜಾಹೀರಾತಿನಿಂದ ದೂರವಿಡಬಹುದಾಗಿರುವುದು ಈ ತರ್ಕದ ಮುಂದುವರಿಕೆಯೇ.

ಇಕ್ಕಟ್ಟು ಇರುವುದು ನಿಜ ಹೇಳುವ, ಆದರೆ ಹಾನಿಯ ಸರಕನ್ನು ಮಾರುವ ಜಾಹೀರಾತಿನಲ್ಲಿ. ತಂಬಾಕಿನ ಜಾಹೀರಾತನ್ನು 2003ರ ಕಾಯ್ದೆ ನಿಷೇಧಿಸುತ್ತದೆ, ಒಳ್ಳೆಯದನ್ನೇ ಮಾಡುತ್ತದೆ; ಆದರೆ 19(2)ರ ಪಟ್ಟಿಯಲ್ಲಿ ಸಾರ್ವಜನಿಕ ಆರೋಗ್ಯ ಎಂಬ ಪದವಿಲ್ಲ. ಮದ್ಯದ ಹೆಸರಿನಲ್ಲಿ ಸೋಡಾವನ್ನು ತೋರಿಸುವ ಬದಲಿ ಜಾಹೀರಾತುಗಳನ್ನು 2022ರ ಮಾರ್ಗಸೂಚಿ ನಿಷೇಧಿಸಿದಾಗಲೂ ಅದೇ ಪ್ರಶ್ನೆ ಬಾಗಿಲಲ್ಲಿ ನಿಂತಿರುತ್ತದೆ. ನನ್ನನ್ನು ಕೇಳಿದರೆ, ಸೋಡಾದ ಜಾಹೀರಾತು ದಾರಿ ತಪ್ಪಿಸುವ ಜಾಹೀರಾತೇ, ಸೋಡಾ ಮಾರಲು ಅಷ್ಟು ಹಣವನ್ನು ಯಾರೂ ಸುರಿಯುವುದಿಲ್ಲ.

ಪ್ರತಿಸ್ಪರ್ಧಿಯ ಬಗ್ಗೆ ಆಡುವ ಮಾತು ಬೇರೆಯದೇ ಕಥೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬುದನ್ನು ನ್ಯಾಯಾಲಯಗಳೂ ಒಪ್ಪುತ್ತವೆ: ನನ್ನ ಸರಕು ಜಗತ್ತಿನಲ್ಲೇ ಶ್ರೇಷ್ಠ ಎನ್ನಬಹುದು, ಅದು ನಿಜವಲ್ಲದಿದ್ದರೂ ಅನ್ನಬಹುದು, ನಿನ್ನದಕ್ಕಿಂತ ಮೇಲು ಎಂದು ಹೋಲಿಸಬಹುದು, ನಿನ್ನದು ಕೆಟ್ಟದ್ದು ಎನ್ನುವಂತಿಲ್ಲ. ಬಟ್ಟೆಗೆ ಹಾಕುವ ನೀಲಿಯ ಬಗ್ಗೆ ರಾಬಿನ್ ಬ್ಲೂ ಮತ್ತು ಉಜಾಲಾ ನಡುವೆ ನಡೆದ ವ್ಯಾಜ್ಯದಲ್ಲಿ ಕಲ್ಕತ್ತಾ ಹೈಕೋರ್ಟ್ ಈ ಮೆಟ್ಟಿಲುಗಳನ್ನು ಕಟ್ಟಿತು. ಹೆಸರು ಹೇಳದಿದ್ದರೂ ತಪ್ಪಿಸಿಕೊಳ್ಳಲಾಗದು ಎಂಬುದಕ್ಕೆ 2003ರಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠದ ಮುಂದೆ ಬಂದ ಥಮ್ಸ್ ಅಪ್ ಜಾಹೀರಾತು ಸಾಕ್ಷಿ. ನಾಯಕ ಒಬ್ಬ ಹುಡುಗನನ್ನು ನಿನ್ನ ಇಷ್ಟದ ಪಾನೀಯ ಯಾವುದು ಎಂದು ಕೇಳುತ್ತಾನೆ. ಹುಡುಗನ ತುಟಿ 'ಪೆಪ್ಸಿ' ಎನ್ನುತ್ತದೆ, ದನಿಯನ್ನು ಅಳಿಸಲಾಗಿದೆ. ಆಮೇಲೆ ಮುಚ್ಚಿದ ಎರಡು ಬಾಟಲಿಗಳ ರುಚಿ ನೋಡಿ, ಒಂದು ಸಿಹಿ, ಮಕ್ಕಳಿಗೆ ಹಿಡಿಸುವಂಥದ್ದು ಎನ್ನುತ್ತಾನೆ. ಮುಚ್ಚಳ ತೆಗೆದಾಗ ಆ ಬಾಟಲಿಯ ಮೇಲೆ ಪೆಪ್ಸಿಯದೇ ಬಣ್ಣ, ಅದರದೇ ಗೋಳದಂಥ ಗುರುತು, 'ಪಪ್ಪಿ' ಎಂಬ ಹೆಸರು. ಹುಡುಗನಿಗೆ ನಾಚಿಕೆಯಾಗುತ್ತದೆ. ಇದು ಹೋಲಿಕೆಯಲ್ಲ, ಎದುರಾಳಿಯನ್ನು ಗೇಲಿಮಾಡಿ ಕೀಳುಗಳೆಯುವುದು ಎಂದಿತು ಪೀಠ. ತೀರ್ಪನ್ನು ನಾನು ಗೌರವಿಸುತ್ತೇನೆ, ಆದರೂ ಒಂದು ಅಳುಕು ಉಳಿಯುತ್ತದೆ. ಎದುರಾಳಿಯ ಸರಕಿನ ದೋಷ ನಿಜವಾಗಿದ್ದರೆ ಅದನ್ನು ಗ್ರಾಹಕನಿಗೆ ಹೇಳಲು ಎದುರಾಳಿಗಿಂತ ಉತ್ಸಾಹಿ ಯಾರಿದ್ದಾರೆ? ಕೇಳುಗನ ಹಕ್ಕನ್ನು ನಿಜವಾಗಿ ನಂಬಿದರೆ 'ಕೆಟ್ಟದ್ದು ಎನ್ನಬೇಡ' ಎಂಬುದಕ್ಕಿಂತ 'ಸುಳ್ಳಾಗಿ ಕೆಟ್ಟದ್ದು ಎನ್ನಬೇಡ' ಎಂಬುದು ಉತ್ತಮ ನಿಯಮ.

ಬೆಲೆಚೀಟಿಯೂ ಮಾತೇ ಎಂಬುದು ಕೇಳಲು ವಿಚಿತ್ರ. ಕ್ರೆಡಿಟ್ ಕಾರ್ಡಿನಲ್ಲಿ ಪಾವತಿಸುವವರಿಂದ 'ಹೆಚ್ಚುವರಿ ಶುಲ್ಕ' ಪಡೆಯಬಾರದು ಎಂಬ ನ್ಯೂಯಾರ್ಕ್ ರಾಜ್ಯದ ಕಾನೂನನ್ನು ಕ್ಷೌರದಂಗಡಿಯೊಂದು ಪ್ರಶ್ನಿಸಿತ್ತು. ನಗದಿಗೆ 10 ಡಾಲರ್, ಕಾರ್ಡಿಗೆ 10.30 ಡಾಲರ್ ಪಡೆಯಲು ಅಡ್ಡಿಯಿಲ್ಲ. 'ನಗದಾದರೆ ರಿಯಾಯಿತಿ' ಎಂದೂ ಹೇಳಬಹುದು. 'ಕಾರ್ಡಾದರೆ ಹೆಚ್ಚು' ಎಂದು ಮಾತ್ರ ಬರೆಯುವಂತಿಲ್ಲ. ಹಾಗಿದ್ದ ಮೇಲೆ ಈ ಕಾನೂನು ನಿಯಂತ್ರಿಸುತ್ತಿರುವುದು ಬೆಲೆಯನ್ನಲ್ಲ, ಬೆಲೆಯನ್ನು ಹೇಳುವ ಬಗೆಯನ್ನು ಎಂದು 2017ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಗುರುತಿಸಿತು.

ಕನ್ನಡಿಗರ ಸಭೆಯಲ್ಲಿ ನಾಮಫಲಕದ ವಿಷಯವನ್ನು ಬಿಟ್ಟರೆ ಅದು ಜಾಣತನವಾದೀತೇ ಹೊರತು ಪ್ರಾಮಾಣಿಕತೆಯಾಗದು. ಕೆನಡಾದ ಕ್ವಿಬೆಕ್‌ನಲ್ಲಿ ಅಂಗಡಿಯ ಫಲಕಗಳು ಫ್ರೆಂಚ್‌ನಲ್ಲಿ ಮಾತ್ರ ಇರಬೇಕೆಂಬ ಕಾನೂನಿತ್ತು. ಉಣ್ಣೆಯ ಅಂಗಡಿಯೊಂದು ಫ್ರೆಂಚ್‌ನ 'ಲೆನ್' ಪದದ ಪಕ್ಕದಲ್ಲಿ ಇಂಗ್ಲಿಷಿನ 'ವೂಲ್' ಎಂದು ಬರೆದದ್ದೇ ಅಪರಾಧವಾಯಿತು. 1988ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್, ಭಾಷೆಯನ್ನು ಆರಿಸಿಕೊಳ್ಳುವುದು ಅಭಿವ್ಯಕ್ತಿಯ ಭಾಗವೇ, ಮಾತು ವ್ಯಾಪಾರದ್ದೆಂಬ ಕಾರಣಕ್ಕೆ ಅದು ಹೊರಗುಳಿಯದು ಎಂದಿತು. ಅದರ ಜೊತೆಗೇ, ಫ್ರೆಂಚ್ ಎದ್ದುಕಾಣುವಂತೆ ಇರಬೇಕು ಎಂದು ವಿಧಿಸುವುದು ಸಮರ್ಥನೀಯ, ಇತರ ಭಾಷೆಯನ್ನು ಅಳಿಸಿಹಾಕುವುದು ಸಮರ್ಥನೀಯವಲ್ಲ ಎಂಬ ಗೆರೆಯನ್ನೂ ಎಳೆಯಿತು. ಮೊದಲು ಪ್ರತಿರೋಧಿಸಿದ ಕ್ವಿಬೆಕ್ 1993ರಲ್ಲಿ ಆ ಗೆರೆಗೇ ಬಂದು ನಿಂತಿತು. ಫಲಕದಲ್ಲಿ ಶೇಕಡ 60ರಷ್ಟು ಕನ್ನಡವಿರಬೇಕೆಂಬ ಕರ್ನಾಟಕದ 2024ರ ತಿದ್ದುಪಡಿಯೂ ಉಳಿದ ಜಾಗವನ್ನು ಬೇರೆ ಭಾಷೆಗೆ ಬಿಟ್ಟಿರುವುದರಿಂದ ಅದೇ ಗೆರೆಯ ಈಚೆಗಿದೆ ಎಂದು ನನ್ನ ಅಭಿಪ್ರಾಯ. ಇಲ್ಲಿಯೂ ಕೇಳುಗನನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬಹುದು: ಈ ನಾಡಿನಲ್ಲಿ ಕನ್ನಡವೊಂದನ್ನೇ ಓದಬಲ್ಲವನಿಗೆ ಒಳಗೆ ಏನು ಮಾರುತ್ತಾರೆಂದು ತಿಳಿಯುವ ಹಕ್ಕಿದೆ, ಕನ್ನಡ ಬಾರದವನಿಗೂ ಇದೆ.

ಮಾತನಾಡುವಂತೆ ಬಲವಂತ ಮಾಡುವುದರ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಸಿಗರೇಟ್ ಪೊಟ್ಟಣದ ಶೇಕಡ 85ರಷ್ಟು ಜಾಗದಲ್ಲಿ ಎಚ್ಚರಿಕೆಯಿರಬೇಕೆಂಬ ನಿಯಮವನ್ನು ಕರ್ನಾಟಕ ಹೈಕೋರ್ಟ್ 2017ರ ಡಿಸೆಂಬರಿನಲ್ಲಿ ರದ್ದುಮಾಡಿತು, ಮರುತಿಂಗಳೇ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ಕೊಳ್ಳುವವನಿಗೆ ಬೇಕಾದ ವಾಸ್ತವಾಂಶವನ್ನು ಮುದ್ರಿಸು ಎನ್ನುವುದು, ನಿನ್ನದಲ್ಲದ ಅಭಿಪ್ರಾಯವನ್ನು ಸಾರು ಎನ್ನುವುದಕ್ಕಿಂತ ಬೇರೆ.

ಇಷ್ಟು ಹೊತ್ತು ವ್ಯಾಪಾರಿಯ ಮಾತು. ವ್ಯಾಪಾರಿಯ ವಿರುದ್ಧದ ಮಾತು? ಟಾಟಾ ಸಮೂಹ ಪಾಲುದಾರನಾಗಿದ್ದ ಒಡಿಶಾದ ಧಾಮ್ರಾ ಬಂದರಿನಿಂದ ಆಲಿವ್ ರಿಡ್ಲಿ ಆಮೆಗಳಿಗೆ ಅಪಾಯವಿದೆ ಎಂದು ಪರಿಸರ ಸಂಘಟನೆ ಗ್ರೀನ್‌ಪೀಸ್ ಒಂದು ಕಂಪ್ಯೂಟರ್ ಆಟ ಮಾಡಿತು. ಅದರಲ್ಲಿ ಆಮೆ ಟಾಟಾದ ಲಾಂಛನಗಳಿಂದ ತಪ್ಪಿಸಿಕೊಂಡು ಓಡಬೇಕು. ಮಾನಹಾನಿಯಾಯಿತು, ಲಾಂಛನದ ದುರ್ಬಳಕೆಯಾಯಿತು ಎಂದು ಕಂಪನಿ ತಡೆಯಾಜ್ಞೆ ಕೋರಿತು. 2011ರ ಜನವರಿಯಲ್ಲಿ ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ರವೀಂದ್ರ ಭಟ್ ಅವರು ನಿರಾಕರಿಸಿದರು. ಸಾರ್ವಜನಿಕ ಕಾಳಜಿಯ ವಿಷಯದಲ್ಲಿ ಅಣಕ ಅತಿಯಾಗಿದ್ದರೂ ವಿಚಾರಣೆಗೆ ಮೊದಲೇ ಬಾಯಿ ಮುಚ್ಚಿಸಲಾಗದು ಎಂಬುದು ಆ ಆದೇಶದ ಸಾರ. ನಾಲ್ಕು ದಶಕ ಪತ್ರಿಕೆಗಳು ಸರ್ಕಾರದ ಎದುರು ಹೋರಾಡಿ ಪಡೆದ ರಕ್ಷಣೆಯನ್ನು ಕಂಪನಿಗಳ ಎದುರು ಬಳಸುವ ಕಾಲ ಈಗ ಬಂದಿದೆ.

ಮಾತು ಮುಗಿದ ಮೇಲೆ ಸಭೆಯಲ್ಲಿದ್ದ ಹಿರಿಯ ವಕೀಲರೊಬ್ಬರು, ಕೊಳಾಯಿ ರಿಪೇರಿಯವನಿಗೆ ಇರುವ ಹಕ್ಕು ನಮಗೇಕಿಲ್ಲ ಸ್ವಾಮಿ ಎಂದು ಕೇಳಿದರು. ನಕ್ಕರೂ ಪ್ರಶ್ನೆ ಗಟ್ಟಿಯಾದುದು. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 36ನೇ ನಿಯಮ ವಕೀಲರ ಜಾಹೀರಾತನ್ನು ಈಗಲೂ ನಿಷೇಧಿಸುತ್ತದೆ, ಅಮೆರಿಕದಲ್ಲಿ 1977ರಲ್ಲೇ ಆ ನಿಷೇಧ ಬಿದ್ದುಹೋಯಿತು. ವಕೀಲರ ಶುಲ್ಕ ಎಷ್ಟೆಂದು ಮೊದಲೇ ತಿಳಿಯುವ ಆಸೆ ಕಕ್ಷಿದಾರನಿಗೆ ಎಷ್ಟಿರುತ್ತದೆಂಬುದನ್ನು ತಾವೇ ಹೇಳಬೇಕು ಎಂದು ನಾನು ಉತ್ತರಿಸಿದೆ.

ಇನ್ನೊಬ್ಬ ಯುವತಿ ಕೇಳಿದ್ದು ಅಂತರ್ಜಾಲದ ಮಾರಾಟ ತಾಣಗಳಲ್ಲಿ ಗ್ರಾಹಕರು ಬರೆಯುವ ವಿಮರ್ಶೆಗಳ ಬಗ್ಗೆ. ಕೊಂಡವನು ತನ್ನ ಅನುಭವವನ್ನು ಕಟುವಾಗಿ ಬರೆದರೂ ಅದು ನಿಜವಾಗಿದ್ದರೆ ಅವನಿಗೆ 19(1)(ಎ) ಪೂರ್ತಿ ಇದೆ. ಮಾರುವವನೇ ಕೊಂಡವನ ಹೆಸರಿನಲ್ಲಿ ಹೊಗಳಿಕೆ ಬರೆಸುವುದು ಬೇರೆ ಸಂಗತಿ. ಅದನ್ನು ತಡೆಯಲು 2022ರಲ್ಲಿ ಭಾರತೀಯ ಮಾನಕ ಬ್ಯೂರೋ ರೂಪಿಸಿದ ಐಎಸ್ 19000 ಮಾನದಂಡವನ್ನು ಸ್ವಯಂಪ್ರೇರಣೆಯಿಂದ ಪಾಲಿಸುವಂತೆ ಬಿಡಲಾಗಿತ್ತು. ಕ್ರೆಸ್ಟೆನ್ಸನ್ ಕೂಡ ಒಂದೇ ಹಾಳೆಯಲ್ಲಿ ವ್ಯಾಪಾರವನ್ನೂ ಅಹವಾಲನ್ನೂ ಬೆರೆಸಿದ್ದ ಎಂದು ಆಕೆ ನೆನಪಿಸಿದರು. ಬೆರೆಸಿದ್ದ, ನಿಜ. ಆದರೆ ಆ ಹಾಳೆ ಯಾರದೆಂಬುದು ಅದನ್ನು ಓದಿದವರಿಗೂ ತಡೆದ ಪೊಲೀಸರಿಗೂ ಗೊತ್ತಿತ್ತು.